ಮನೆಯಲ್ಲೇ ಮಾಡಿದ ಸಂಡಿಗೆ

ಹುಡುಗ ನನ್ನನ್ನು ನೋಡಿ ಒಪ್ಪಿದ್ದ. ಈಗ ನಾವು ಅವರ ಮನೆ ನೋಡಲು ಹೋಗಿದ್ದೆವು. ನಮಗೆ ಹಿಡಿಸಿದರೆ ಅಪ್ಪ ಅಲ್ಲೇ ಮಾತು ಕೊಡುವುದೆಂದಾಗಿತ್ತು.

ಹುಡುಗನ ತಾಯಿ ಅಡುಗೆಮನೆಯ ಡಬ್ಬಗಳನ್ನು ತೆರೆದು ತೋರಿಸಿದರು. "ಸಾರಿನಪುಡಿ, ತುಪ್ಪ, ಸಂಡಿಗೆ, ಎಲ್ಲಾ ಮನೇಲೇ. ಅಂಗಡಿಯವನಿಗೆ ಯಾಕ್ ದುಡ್ಡು ಸುರೀಬೇಕು ಹೇಳು?" ತುಪ್ಪ ಹಳಸಿದ ಕೆನೆಯ ನಾತ ಹೊಡೆಯುತ್ತಿತ್ತು. ಪುಡಿಯ ಡಬ್ಬದ ಅಂಚಿನಲ್ಲಿ ಹರಿಯುತ್ತಿದ್ದ ಹುಳವನ್ನು ಅವರು ಹೆಬ್ಬೆರಳಿನಿಂದ ಒರೆಸಿ ಮುಚ್ಚಳ ಹಾಕಿದರು. ನಾನು ಉಸಿರು ಹಿಡಿದು ತಲೆಯಾಡಿಸಿದೆ.

ಊಟವಾದ ಮೇಲೆ ತಟ್ಟೆಗಳನ್ನು ಹಿತ್ತಲಿಗೆ ಒಯ್ದೆ.

"ಅನ್ನ ಚೆಲ್ಲಬೇಡ ಕಣೇ, ಇದಕ್ಕೆ ಹಾಕು" ಎಂದು ಅವರು ಪಾತ್ರೆ ಹಿಡಿದರು. ಯಾರೋ ಕಲಸಿ ಬಿಟ್ಟ ಅನ್ನದಿಂದ ಅಗಿದುಗಿದ ನುಗ್ಗೆಕಾಯಿ ಸಿಪ್ಪೆಯನ್ನು ಬೆರಳಲ್ಲೇ ಹೆಕ್ಕಿ ಎಸೆದರು. "ಜೀರಿಗೆ ಹಾಕಿ ರುಬ್ಬಿದ್ರೆ ನಾಳೆ ಬಿಸಿಲಿಗೆ ಸಂಡಿಗೆ ಇಡಬೋದು."

"ಇದು ಎಂಜಲಲ್ವಾಮ್ಮ?"

"ಎಣ್ಣೇಲಿ ಕರಿದ್ಮೇಲೆ ಎಂಥಾ ಎಂಜಲು!"

ತಟ್ಟೆಗಳನ್ನು ಅಲ್ಲೇ ಇಟ್ಟೆ. ನಡುಮನೆಗೆ ಬಂದರೆ ಅಪ್ಪ ಕಾಫಿಯ ಜೊತೆ ಅಂಥದೇ ಸಂಡಿಗೆಯನ್ನು ಕುರುಕುರು ಅಗಿಯುತ್ತಿದ್ದರು. "ಏನ್ ಗರಿಗರಿ ರೀ! ಇನ್ನೆರಡು ಹಾಕಿ." ಅಷ್ಟು ಜನರ ಎದುರು ನನಗೆ ಬಾಯಿ ಬರಲಿಲ್ಲ. ಅಪ್ಪ ಮಾತು ಕೊಟ್ಟೇಬಿಟ್ಟರು.

ಬಸ್ ಸ್ಟಾಪಿನಲ್ಲಿ ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. "ಅಪ್ಪಾ, ಆ ಮನೆ ನಂಗೆ ಬೇಡ. ಈಗ್ಲೇ ಬೇಡ ಅಂದ್ಬಿಡಿ."

ಅಪ್ಪ ಹಲ್ಲಿನ ಸಂದಿಯ ಚೂರನ್ನು ನಾಲಿಗೆಯಿಂದ ಎಳೆದು ನುಂಗಿದರು.

"ಕೈ ತೊಳೆಯೋಕೆ ಹಿತ್ತಲಿಗೆ ಬಂದಾಗ ನಾನೂ ನೋಡ್ದೆ ಕಣಮ್ಮ. ವರದಕ್ಷಿಣೆ ಬೇಡ ಅಂದೋರ ಮನೇಲಿ ಕೊಟ್ಟಿದ್ದನ್ನ ತಿನ್ಬೇಕು."