ಹುಮೇರಾಳ ಮೊದಲ ಸಿಹಿ

ತಟ್ಟೆಯನ್ನು ಮೇಜಿನ ಮೇಲಿಡುತ್ತಿದ್ದಂತೆ, ಮೊಟ್ಟೆಯ ಬಿಳಿ ನೊರೆಯನ್ನು ಓವನ್‌ನಲ್ಲಿ ಬೇಯಿಸಿ ಮಾಡಿದ್ದ ಪಾವ್ಲೋವಾ ನಡುವೆ ಬಿರಿಯಿತು. ಕೆನೆಯೂ ದಾಳಿಂಬೆ ಕಾಳೂ ಒಳಕ್ಕೆ ಕುಸಿದವು. ಹೊಸ ಸೊಸೆ ಹುಮೇರಾ ಚಮಚದಿಂದ ಅಂಚು ಒತ್ತಿ ಸರಿಮಾಡಲು ನೋಡಿದಳು. ಗಂಡನ ಮನೆಯಲ್ಲಿ ಅವಳ ಕೈಯ ಮೊದಲ ಸಿಹಿ ಅದು. ಮನೆಗೆ ಹಿರಿಯರಾದ ಅಜ್ಜಿ ಅಜ್ಮತುನ್ನೀಸಾ ರುಚಿ ನೋಡದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

“ಖೀರು ಮಾಡು ಅಂತ ಬಡ್ಕೊಂಡೆ. ಕೆ.ಆರ್. ನಗರದಲ್ಲಿ ಯಾರ ಮನೇಲೂ ಇಂಥದ್ದು ಮಾಡಲ್ಲ ಕಣಮ್ಮ,” ಅತ್ತೆ ಫರ್ಹತ್ ಪಿಸುಗುಟ್ಟಿದರು. “ಈ ಗಟ್ಟಿ ಚಕ್ಕೇನ ಅಜ್ಜಿ ಎಂಗೆ ಅಗೀತಾರೆ?”

ಅಜ್ಜಿ ಒಂದು ಚಮಚ ಬಾಯಿಗಿಟ್ಟರು. ದವಡೆ ಆಡಲಿಲ್ಲ. ಅಂಗೈ ಬಾಯಿಯ ಹತ್ತಿರ ಹೋಯಿತು. ಉಗಿದೇಬಿಟ್ಟರು ಎಂದು ಹುಮೇರಾ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಅಜ್ಜಿಯ ಕಟ್ಟಿಸಿದ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲಿತ್ತು. ಇಡೀ ತಟ್ಟೆ ಅವರ ಮಡಿಲಲ್ಲಿತ್ತು.

“ಇದಕ್ಕೆ ಹಲ್ಲು ಯಾಕೆ ಬೇಟಿ?”