ಬಲಗಡೆಯ ಸೀಟು

ವೈದ್ಯರು ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿನಿಂದ ಬಿಚ್ಚಿದರು. "ಇಲ್ಲ ಸರ್. ಇವತ್ತು ನೀವು ಹಾರೋ ಹಾಗೇ ಇಲ್ಲ."

ಹಾರಾಟದ ಉಡುಪು ತೊಟ್ಟು, ಬೂಟಿನ ಲೇಸು ಬಿಗಿದು, ಮದುಮಗನ ಹಾಗೆ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದ ಮುದಿ ಪೈಲಟ್ಟರ ಮುಖ ಚಿಕ್ಕದಾಯಿತು. ಶೆಡ್ಡಿನ ಬಾಗಿಲಾಚೆ, ಬಿಸಿಲಿನಲ್ಲಿ, ಹಳೆಯ ತರಬೇತಿ ಜೆಟ್ ನಿಂತಿತ್ತು. ಮೋಟು ರೆಕ್ಕೆ, ದುಂಡು ಮೂತಿ, ಹೊಸದಾಗಿ ಬಳಿದ ಕಿತ್ತಳೆ ಬಣ್ಣ. ವಾಯುಪಡೆಯವರು ಗುಜರಿಗೆ ಹಾಕಿದ್ದನ್ನು ಫ್ಲೈಯಿಂಗ್ ಕ್ಲಬ್ಬಿನವರು ತಂದು, ವರ್ಷಗಟ್ಟಲೆ ಒದ್ದಾಡಿ ಜೀವ ಬರಿಸಿದ್ದರು. ಒಳಗೆ ಅಕ್ಕಪಕ್ಕ ಎರಡೇ ಸೀಟು. ಎಡಕ್ಕೆ ಶಿಷ್ಯ, ಬಲಕ್ಕೆ ಗುರು. ಆ ಬಲಗಡೆಯ ಸೀಟಿನಲ್ಲಿ ಕೂತೇ ಅವರು ಎಷ್ಟೋ ಹುಡುಗರಿಗೆ ಹಾರುವುದನ್ನು ಕಲಿಸಿದ್ದರು. ಇವತ್ತು ಅದನ್ನು ಹಾರಿಸಲು ಬಂದಿದ್ದವನೂ ಅವರ ಶಿಷ್ಯನೇ. ತಲೆ ಪೂರಾ ನರೆತಿದ್ದರೂ ಅವರಿಗೆ ಅವನು ಇನ್ನೂ ಗುಂಡ.

"ಮೊದಲ ಸಲ ವಿಮಾನ ತಲೆಕೆಳಗು ಮಾಡಿದಾಗ ನೀನು ವಾಂತಿ ಮಾಡ್ಕೊಂಡಿದ್ದು ನೆನಪಿದೆಯೇನೋ?" ಎಂದರು, ನಿರಾಸೆಯನ್ನು ನಗೆಯಿಂದ ಮುಚ್ಚಲು ನೋಡುತ್ತ.

"ನಿಮ್ಮ ಗ್ಲೌಸಲ್ಲೇ ಅಲ್ವಾ ಸರ್ ಮಾಡಿದ್ದು! ಹೆಲ್ಮೆಟ್ಟಿನ ಮೇಲೆ ನೀವು ಕೊಟ್ಟ ಏಟು ಈಗಲೂ ಗುಂಯ್ ಅಂತಿದೆ. ಸದ್ಯ, ಇಳಿದ್ಮೇಲೆ ನಿಮ್ಮ ಮನೆಗೆ ಕರ್ಕೊಂಡು ಹೋದ್ರಿ, ಈ ಅಕ್ಕ ಹೊಟ್ಟೆ ತುಂಬಾ ಬಡಿಸಿದ್ರು."

"ಗಾಜು ಮುಚ್ಚಿದ ಕೂಡಲೇ ಒಂದು ವಾಸನೆ ಬರ್ತಿತ್ತು ನೋಡು... ರಬ್ಬರು, ಸೀಮೆಎಣ್ಣೆ, ನಿನ್ನ ಬೆವರು. ಅದನ್ನ ಇನ್ನೊಂದು ಸಲ ಮೂಸಿ ನೋಡ್ಬೇಕು ಅಂತಿತ್ತು ಕಣೋ."

ಇಬ್ಬರೂ ನಕ್ಕರು.

"ಹಾಗಾದ್ರೆ ನಾನು ಹೋಗ್ತೀನಿ," ಎಂದರು ಪಕ್ಕದಲ್ಲಿ ಕೂತಿದ್ದ ಹೆಂಡತಿ.

"ಎಲ್ಲಿಗೆ? ಮನೆಗಾ?"

"ಮೇಲಕ್ಕೆ."

"ಬಿಡ್ತು ಅನ್ನು! ಉಯ್ಯಾಲೆ ಜೋರಾಗಿ ತೂಗಿದ್ರೇ ಕಣ್ಣು ಮುಚ್ಕೊಳ್ಳೋಳು ನೀನು."

"ಇಪ್ಪತ್ತು ವರ್ಷ ಇದರ ಸಿಳ್ಳೆ ಕೇಳಿದೀನಿ ರೀ. ಬೆಳಿಗ್ಗೆ ಎಷ್ಟು ಹೋದ್ವು, ಎಷ್ಟು ವಾಪಸ್ ಬಂದ್ವು ಅಂತ ಒಲೆ ಮುಂದೆ ನಿಂತು ಎಣಿಸಿದೀನಿ. ಅದರೊಳಗೆ ಅಂಥದ್ದೇನಿದೆ ಅಂತ ಒಂದ್ಸಲ ನಾನೂ ನೋಡ್ಬಾರ್ದಾ?"

ವೈದ್ಯರು ಅದೇ ಪಟ್ಟಿಯನ್ನು ಆಕೆಯ ತೋಳಿಗೆ ಸುತ್ತಿದರು. ಮುಳ್ಳು ನೋಡಿ ಹುಬ್ಬೇರಿಸಿದರು. "ಗುಂಡುಕಲ್ಲಿನ ಹಾಗಿದ್ದೀರಮ್ಮ. ಹೋಗ್ಬನ್ನಿ."

ಗಂಡನ ಉಡುಪೇ ಹೆಂಡತಿಗೆ ಬಂತು. ತೋಳು ಮಡಿಸಿ, ನಡುವಿಗೆ ಬೆಲ್ಟು ಬಿಗಿದದ್ದಾಯಿತು. ರೆಕ್ಕೆಯ ಮೇಲೆ ಬಗ್ಗಿ ನಿಂತು ಬಲಗಡೆಯ ಸೀಟಿನ ಪಟ್ಟಿಗಳನ್ನು ಗಂಡನೇ ಕಟ್ಟಿದರು. "ಆ ಹಳದಿ ಹಿಡಿ ಮಾತ್ರ ಮುಟ್ಟಬೇಡ, ಸೀಟು ಸಮೇತ ಹೊರಗೆ ಚಿಮ್ತೀಯ. ಕುತ್ತಿಗೆ ನೆಟ್ಟಗಿಡು. ಹೊಟ್ಟೆ ಬಿಗಿ ಹಿಡಿ. ಆಮೇಲೆ..."

"ಗುಂಡನಿಗೆ ನೀವೇ ತಾನೇ ಕಲಿಸಿದ್ದು? ನಿಮ್ಮ ಪಾಠದ ಮೇಲೆ ನಿಮಗೇ ನಂಬಿಕೆ ಇಲ್ವಾ? ಇಳೀರಿ ಕೆಳಗೆ."

ಎಂಜಿನ್ ಗುರುಗುಟ್ಟಿ ಸಿಳ್ಳೆ ಹಾಕಿತು. ವಿಮಾನ ಓಡಿತು, ನೆಲ ಬಿಟ್ಟಿತು, ಬೆರಳುದ್ದವಾಯಿತು. ಶೆಡ್ಡಿನ ರೇಡಿಯೋದಲ್ಲಿ ಗುಂಡನ ದನಿ ಕೇಳಿಸಿತು: "ಅಕ್ಕ, ಈಗ ಒಂದು ಪಲ್ಟಿ ಹೊಡೆಯೋಣ." ಹಿಂದೆಯೇ ಒಂದು ಕಿರಿಚಾಟ. ಆಮೇಲೆ ಏನೂ ಇಲ್ಲ.

ಮುದಿ ಪೈಲಟ್ಟರು ಹೊರಗೆ ಓಡಿಬಂದು ಹಣೆಗೆ ಕೈ ಅಡ್ಡ ಹಿಡಿದರು. ವಿಮಾನ ಮೋಡದ ಮರೆಗೆ ಹೋಗಿತ್ತು. ಜೀವಮಾನವೆಲ್ಲ ಆಕಾಶದೊಳಗೇ ಇದ್ದವರು. ಕೆಳಗೆ ನಿಂತು ನೋಡಿದರೆ ಅದು ಇಷ್ಟು ದೊಡ್ಡದು, ಇಷ್ಟು ಖಾಲಿ ಎಂದು ಅವರಿಗೆ ಗೊತ್ತಿರಲಿಲ್ಲ.

"ಬರ್ತಾರೆ ಬಿಡಿ ಸರ್, ಇಷ್ಟಕ್ಕೆಲ್ಲ ಹೆದರ್ತಾರಾ?" ಎಂದರು ವೈದ್ಯರು.

ಇದೇ ಮಾತನ್ನು ಮನೆಯ ಹೊಸಿಲಲ್ಲಿ ನಿಂತು ತಾವು ಎಷ್ಟು ದಿನ ಬೆಳಿಗ್ಗೆ ಹೆಂಡತಿಗೆ ಹೇಳಿದ್ದರು! ಎಂಥ ಪೊಳ್ಳು ಮಾತು ಅದು ಎಂದು ಈಗ ಅನ್ನಿಸಿತು. ಶೆಡ್ಡಿನ ಬಾಗಿಲಿಗೂ ಬಿಸಿಲಿಗೂ ಅಲೆದಾಡಿದರು.

ರೇಡಿಯೋ ಕರಕರ ಎಂದಿತು. ಅದರೊಳಗಿನಿಂದ ನಗು ಕೇಳಿಬಂತು. ಉಸಿರು ಸಿಕ್ಕದ, ಬಿದ್ದುಬಿದ್ದು ನಗುವ ನಗು. "ಗುಂಡ, ಇನ್ನೊಂದ್ಸಲ! ಈ ಸಲ ಸ್ಟಿಕ್ಕು ನನ್ನ ಕೈಗೆ ಕೊಡೋ!"

"ತಗೊಳ್ಳಿ ಅಕ್ಕ, ಈಗ ವಿಮಾನ ನಿಮ್ಮದು!"

ಮೋಡದ ಅಂಚಿನಿಂದ ಜೆಟ್ ಹೊರಗೆ ಬಂತು. ಹಗ್ಗ ಬಿಚ್ಚಿದ ಎಳೆಗರುವಿನ ಹಾಗೆ ಅತ್ತ ಇತ್ತ ವಾಲಾಡಿತು. ಮೂಗು ಎತ್ತುವಾಗ ಅವಸರ, ತಿರುವಿನಲ್ಲಿ ಜಾರಾಟ. ಗುರುಗಳ ಕಣ್ಣಿಗೆ ತಪ್ಪೆಲ್ಲ ಒಂದೊಂದಾಗಿ ಕಂಡವು. ಅವರು ಚಪ್ಪಾಳೆ ತಟ್ಟುತ್ತಿದ್ದರು.

ಇಳಿದಾಗ ಆಕೆಯ ಕೆನ್ನೆಯ ಮೇಲೆ ಆಕ್ಸಿಜನ್ ಮಾಸ್ಕಿನ ಗೆರೆ ಕೆಂಪಗೆ ಮೂಡಿತ್ತು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಅವರು ನೀರಿನ ಲೋಟ ಚಾಚಿದರು. ಹಿಡಿಯಲು ಆಕೆಯ ಕೈಗೆ ಬಿಡುವಿರಲಿಲ್ಲ. ಒಂದು ಅಂಗೈ ವಿಮಾನ, ಇನ್ನೊಂದು ನೆಲ. "ಹೀಗೆ ಏರಿತು ರೀ, ಹೀಗೆ ಮಗುಚಿತು, ರಸ್ತೆ, ಕೆರೆ, ಮನೆ ಎಲ್ಲಾ ತಲೆ ಮೇಲೆ! ಆಮೇಲೆ ಹೀಗೆ..."

"ಅದಿರಲಿ, ಕಿರಿಚಿದ ಮೇಲೆ ಒಂದು ಮಾತಾಡಬಾರದಿತ್ತೇನೇ? ಇಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು."

ಆಕೆಯ ಕೈಗಳು ಗಾಳಿಯಲ್ಲೇ ನಿಂತವು. ಗಂಡನ ಮುಖವನ್ನೇ ನೋಡಿದರು. ಏನೋ ಹೊಸತು ಕಂಡುಹಿಡಿದವರ ಹಾಗೆ ಮೆಲ್ಲಗೆ ಕಣ್ಣರಳಿಸಿದರು.

"ಅಯ್ಯೋ, ಮೇಲಿದ್ದಷ್ಟು ಹೊತ್ತೂ ನಿಮ್ಮ ನೆನಪೇ ಆಗ್ಲಿಲ್ಲ ರೀ!"