ಒಂದು ರಿವೆಟ್ ಕಡಿಮೆ

ಎಡ್ನಾ ಡಾಡ್ಸ್ ಬಗ್ಗಿ ಎಂಜಿನ್ನಿನ ಒಲೆಯೊಳಗೆ ಕೈ ತೂರಿಸಿದಳು. "ಇದು ಚಿಕ್ಕದಾಯ್ತು," ಎಂದಳು.

ಸಿರಿಲ್ ಹೆಡ್ಲಿ ನಗು ನುಂಗಿಕೊಂಡ. ಎಂಜಿನ್ ಕೊಳ್ಳಲು ಬಂದವರು ಚಕ್ರ ನೋಡುತ್ತಾರೆ, ಬಾಯ್ಲರ್ ತಟ್ಟುತ್ತಾರೆ, ಬಣ್ಣಕ್ಕೆ ಮೂಗು ಮುರಿಯುತ್ತಾರೆ. ಈ ಹೆಂಗಸು ರೊಟ್ಟಿ ಸುಡುವವಳ ಹಾಗೆ ಒಲೆ ಅಳೆಯುತ್ತಿದ್ದಳು.

ಡರ್ಹಮ್ ಸೀಮೆಯ ಆ ಹಳೆಯ ಗಣಿ ಊರಿನಲ್ಲಿ ಸಿರಿಲ್‌ನ ತೋಟದ ರೈಲೆಂದರೆ ದೊಡ್ಡ ಹೆಸರು. ಕೂತು ಓಡಿಸುವಷ್ಟು ದೊಡ್ಡ ಮಾದರಿ ರೈಲು, ಅದಕ್ಕೆ ಮೂರು ಎಂಜಿನ್. ಈಗ ಮಂಡಿ ಕೈಕೊಟ್ಟಿತ್ತು. ಒಂದನ್ನು ಮಾರುವುದಾಗಿ ಹೇಳಿಕಳಿಸಿದ್ದೇ ತಡ, ಎಡ್ನಾ ಫೋನ್ ಮಾಡಿದ್ದಳು: "ನಮ್ಮೋರಿಗೆ ಒಂದು ಎಂಜಿನ್ ಬೇಕಿತ್ತು."

ನಮ್ಮೋರು ಅಂದರೆ ವಿಲ್ಫ್ ಡಾಡ್ಸ್! ಸಿರಿಲ್‌ಗೆ ಆ ರಾತ್ರಿ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಎಂಟು ವರ್ಷದ ಹಿಂದಿನ ಮಾತು. ಮಾದರಿ ರೈಲು ಕ್ಲಬ್ಬಿನವರೆಲ್ಲ ಸಿರಿಲ್‌ನ ತೋಟದಲ್ಲಿ ಟೀ ಕುಡಿಯುತ್ತಿದ್ದರು. ಅವನ ಹೊಸ ಕರಿ ಎಂಜಿನ್ ಹಳಿಯ ಮೇಲೆ ಮದುಮಗನಂತೆ ನಿಂತಿತ್ತು. ವಿಲ್ಫ್ ಕನ್ನಡಕ ಏರಿಸಿದ, ತಗಡು ಬೆಸೆದ ಮೊಳೆಗಳನ್ನು ಎಣಿಸಿದ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಲೋ ಸಿರಿಲ್, ಎಡಗಡೆ ಒಂದು ರಿವೆಟ್ ಕಡಿಮೆ ಇದೆಯಲ್ಲೋ!"

ಸುಳ್ಳಾಗಿದ್ದರೆ ಸಿರಿಲ್ ಕ್ಷಮಿಸಿಬಿಡುತ್ತಿದ್ದ. ಅದು ನಿಜವಾಗಿತ್ತು.

"ನನ್ನ ಹಳಿ ಮೇಲೆ ನೀನು ಓಡೋದು ಈ ಜನ್ಮದಲ್ಲಿ ಇಲ್ಲ!" ಎಂದು ಅಂದೇ ಅಬ್ಬರಿಸಿದ್ದ. ವಿಲ್ಫ್‌ಗೆ ಸ್ವಂತ ಹಳಿ ಇರಲಿಲ್ಲ. ಸೀಮೆಯಲ್ಲೇ ಚಂದದ್ದೆಂದರೆ ಸಿರಿಲ್‌ನದು, ಅದರ ಮೇಲೆ ಒಂದು ಸುತ್ತು ಓಡಬೇಕೆಂಬುದೇ ಅವನ ಆಸೆ. ಕೇಳಿಕೊಂಡು ಮೂರು ಸಲ ಬಂದ. ಸಿರಿಲ್ ಗೇಟೇ ತೆಗೆಯಲಿಲ್ಲ. ಆಮೇಲೆ ಡಾಡ್ಸ್ ದಂಪತಿ ಸಮುದ್ರದ ಕಡೆ ಮನೆ ಮಾಡಿದರು. ಕ್ಲಬ್ಬಿನಲ್ಲಿ ವಿಲ್ಫ್‌ನ ಹೆಸರೆತ್ತಿದವರಿಗೆ ಅಧ್ಯಕ್ಷ ಸಿರಿಲ್ ಟೀ ಕೂಡ ಕೊಡಿಸುತ್ತಿರಲಿಲ್ಲ. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ.

ಈಗ ಆ ಕರಿ ಎಂಜಿನ್ನನ್ನೇ ವಿಲ್ಫ್‌ನ ತಲೆಗೆ ಕಟ್ಟಬೇಕು. ಬೆಳಗಾದರೆ ಆ ಕುಂದು ನೋಡಿಕೊಂಡು ಕೊರಗಿ ಸಾಯಲಿ!

"ಈ ಹಸಿರು ಎಂಜಿನ್ ಗ್ಯಾಸಿನದು, ಎಡ್ನಾ. ಕೈಗೆ ಮಸಿ ಹತ್ತಲ್ಲ," ಎಂದ, ಸುಮ್ಮನೆ ಬಾಯುಪಚಾರಕ್ಕೆ.

"ಗ್ಯಾಸ್ ಬೇಡಪ್ಪ. ಕಲ್ಲಿದ್ದಲಿನ ಒಲೆಯೇ ಆಗಬೇಕು."

"ಹಾಗಾದ್ರೆ ಕರಿಯದು ನೋಡಿ."

ಎಡ್ನಾ ಕರಿ ಎಂಜಿನ್ನಿನ ಒಲೆಗೂ ಕೈ ಹಾಕಿದಳು. ಮುಖ ಅರಳಿತು. "ಒಳಗೆ ಹಾಕಿದ್ದೆಲ್ಲ ಎಲ್ಲಿಗೆ ಹೋಗತ್ತೆ?"

"ಅರ್ಧ ಹೊಗೆಕೊಳವೆಯಲ್ಲಿ ಹಾರಿಹೋಗತ್ತೆ. ಮಿಕ್ಕಿದ್ದು ಕೆಳಗಿನ ತಟ್ಟೆಗೆ. ಅದನ್ನ ನಾನು ಈರುಳ್ಳಿಗೆ ಹಾಕ್ತೀನಿ. ಊರಿನ ತರಕಾರಿ ಪ್ರದರ್ಶನದಲ್ಲಿ ಪ್ರತಿ ವರ್ಷ ಬಹುಮಾನ ಯಾರಿಗೆ ಅನ್ಕೊಂಡ್ರಿ?"

"ನಮ್ಮೋರಿಗೂ ಈರುಳ್ಳಿ ಅಂದ್ರೆ ಪ್ರಾಣ," ಎಂದಳು ಎಡ್ನಾ.

"ಅಂದಹಾಗೆ, ಮಹಾರಾಯ ಬರಲಿಲ್ವೋ?"

"ಬಂದಿದ್ದಾರಲ್ಲ. ಕಾರಲ್ಲಿದ್ದಾರೆ. ಕರ್ಕೊಂಡು ಬರ್ಲಾ?"

ಅಬ್ಬಾ! ಮುಖ ತೋರಿಸಲು ನಾಚಿ ಕಾರಿನಲ್ಲಿ ಮುದುಡಿ ಕೂತಿದ್ದಾನೆ! ಸಿರಿಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಬೇಡ. ನನ್ನ ಮಾತು ಒಂದೇ. ಅವನಿಗೆ ನೆನಪಿರಬೇಕು."

"ಯಾವಾಗಲೂ ಅದನ್ನೇ ಹೇಳ್ತಿದ್ರು," ಎಂದಳು ಎಡ್ನಾ. "ಓಡಿಸಿ ನೋಡದೆ ನಾನು ಕೊಳ್ಳೋಳಲ್ಲ, ಸಿರಿಲ್."

ಅದು ಆ ಕಡೆಯ ಪದ್ಧತಿ: ಹಬೆ ಕಟ್ಟಿಸಿ, ಓಡಿಸಿ, ಆಮೇಲೆ ವ್ಯಾಪಾರ. ಸಿರಿಲ್‌ನದು ಇನ್ನೊಂದು ಪದ್ಧತಿ. ನೋಡಲು ಬರುವವರು ಕಲ್ಲಿದ್ದಲನ್ನು ತಾವೇ ತರಬೇಕು. ಅವನ ಜಿಪುಣತನ ಗೊತ್ತಿದ್ದ ಎಡ್ನಾ ಕಾರಿನಿಂದ ಒಂದು ಚೀಲ ತಂದಳು. ಮತ್ತೆ ಹೋಗಿ, ದೊಡ್ಡದೊಂದು ಬಿಸ್ಕತ್ ಡಬ್ಬಿಯನ್ನು ಎದೆಗವಚಿಕೊಂಡು ತಂದಳು.

"ಓಡಿಸೋಕೆ ಬರತ್ತೇನ್ರಿ?"

"ವಿಲ್ಫ್ ಜೊತೆ ನಲವತ್ತು ವರ್ಷ ಏಗಿದೀನಿ. ಇದೇನು ಮಹಾ?"

ಹಬೆ ಏರಿತು. ಎಡ್ನಾ ಹಿಂದಿನ ಬಂಡಿಯ ಮೇಲೆ ಕುಳಿತು, ಸೀಟಿ ಊದಿ ಹೊರಟೇಬಿಟ್ಟಳು. ಸೇಬಿನ ಮರ ದಾಟಿದ ಮೇಲೆ ಡಬ್ಬಿ ತೆರೆದು, ಪುಟ್ಟ ಸಲಿಕೆಯಿಂದ ಒಲೆಗೆ ಹಾಕತೊಡಗಿದಳು. ಏನೋ ಗೊಣಗುತ್ತಲೂ ಇದ್ದಳು. ಎಂಜಿನ್‌ಗೆ ಬೈಯುತ್ತಿದ್ದಾಳೆ ಎಂದುಕೊಂಡ ಸಿರಿಲ್.

"ಬರೀ ಪುಡಿ!" ಎಂದು ಕೂಗಿ ಹೇಳಿದ. "ಒಳ್ಳೆ ಕಲ್ಲಿದ್ದಲು ತರೋ ಯೋಗ್ಯತೆ ನಿಮ್ಮ ವಿಲ್ಫ್‌ಗೆ ಇವತ್ತಿಗೂ ಇಲ್ಲ!"

ತಿರುವಿನಲ್ಲಿ ಹೊಗೆಕೊಳವೆ ಭುಸ್ಸೆಂದಿತು. ಬೂದುಬಣ್ಣದ ಹೊಗೆ ಸಿರಿಲ್‌ನ ಮೀಸೆಯ ಮೇಲೆ, ಕೈಯಲ್ಲಿದ್ದ ಟೀ ಮೇಲೆ ಇಳಿಯಿತು. ಅವನು ಎದೆ ತುಂಬ ಉಸಿರೆಳೆದುಕೊಂಡ. ಆ ವಾಸನೆ ಅವನಿಗೆ ಸ್ವರ್ಗ. ಟೀಯನ್ನೂ ಬಿಡದೆ ಕುಡಿದ.

ಎರಡು ಸುತ್ತು ಮುಗಿಸಿ ಎಡ್ನಾ ಇಳಿದಳು. ಕಣ್ಣು ಕೆಂಪಾಗಿದ್ದವು. ಹೊಗೆ ತಾಗಿರಬೇಕು. ಸಿರಿಲ್ ಅಭ್ಯಾಸದಂತೆ ತಟ್ಟೆಯ ಬೂದಿಯನ್ನು ಈರುಳ್ಳಿ ಪಾತಿಗೆ ಸುರಿದು, ನೀರು ಚಿಮುಕಿಸಿ ಬಂದ.

"ಹಾಗಾದ್ರೆ ತಗೊಂಡ ಹಾಗೇ ಅಲ್ವಾ?"

"ಇಲ್ಲ ಸಿರಿಲ್. ಒಂದು ರಿವೆಟ್ ಕಡಿಮೆ ಇದೆ."

ಸಿರಿಲ್ ಕೆಂಡವಾದ. "ಗೊತ್ತಿದ್ದೂ ನನ್ನ ಹೊತ್ತು ಹಾಳು ಮಾಡಿದ್ರಾ? ಹೋಗಿ ಹೇಳ್ರೀ, ಕಾರಲ್ಲಿ ಕೂತಿರೋ ಆ ಹೇಡಿಗೆ! ನನ್ನ ಹಳಿ ಮೇಲೆ ಅವನು ಓಡೋದು ಈ ಜನ್ಮದಲ್ಲಿ ಇಲ್ಲ!"

"ಕಾರಲ್ಲಿ ಈಗ ಯಾರೂ ಇಲ್ಲ," ಎಂದಳು ಎಡ್ನಾ, ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ. "ಆ ಜನ್ಮ ಹೋದ ತಿಂಗಳೇ ಮುಗೀತು, ಸಿರಿಲ್. ಸುಟ್ಟ ಮೇಲೆ ಚಿತಾಗಾರದವರು ಕೊಟ್ಟ ನಮ್ಮೋರ ಬೂದಿಯೆಲ್ಲ ಇದರಲ್ಲೇ ಇತ್ತು."